ತೆರಿಗೆ ಕಟ್ಟುವವರು ಒಬ್ಬರು, ಹೊರುವವರು ಇನ್ನೊಬ್ಬರು

ಬೀದರ್: ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ರೈತರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬ ಮಾತು ನಗರಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಸರ್ಕಾರಕ್ಕೆ ಹಣ ಪಾವತಿಸುವವರು ಯಾರು ಎಂಬುದು ಒಂದು ಪ್ರಶ್ನೆ. ಅದರ ಭಾರ ಕೊನೆಗೆ ಯಾರ ಹೆಗಲ ಮೇಲೆ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬೀದರ್ ನಗರ, ಭಾಲ್ಕಿ ಹಾಗೂ ಔರಾದ್‌ನ ದುಡಿಮೆಯ ಲೆಕ್ಕ ಬಿಡಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಡೀಸೆಲ್ ಲೆಕ್ಕ

2014ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಕೇಂದ್ರ ಅಬಕಾರಿ ಸುಂಕ ಲೀಟರಿಗೆ 3.56 ರೂ. ಇತ್ತು. 2020ರ ಮೇ ತಿಂಗಳಲ್ಲಿ ಅದು 31.83 ರೂ.ಗೆ ಏರಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳ ಕಡಿತಗಳ ಬಳಿಕ 15.80 ರೂ.ಗೆ ಇಳಿಯಿತು. ಇಳಿದ ಆ ದರದಲ್ಲಿಯೂ ಟ್ರ್ಯಾಕ್ಟರ್‌ಗೆ 50 ಲೀಟರ್ ಡೀಸೆಲ್ ಹಾಕಿಸಿದ ರೈತ ಅಬಕಾರಿ ಸುಂಕವಾಗಿಯೇ 790 ರೂ. ತೆತ್ತಂತಾಯಿತು. ರಾಜ್ಯದ ಮಾರಾಟ ತೆರಿಗೆ ಇದಕ್ಕೆ ಹೊರತು. ಆ 15.80 ರೂ.ನಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1.80 ರೂ. ಮಾತ್ರ. ಉಳಿದದ್ದು ಉಪಕರ ಹಾಗೂ ಹೆಚ್ಚುವರಿ ಸುಂಕದ ಹೆಸರಿನಲ್ಲಿ ಕೇಂದ್ರದ ಬೊಕ್ಕಸದಲ್ಲೇ ಉಳಿಯಿತು.

ಸರಪಳಿಯ ಕೊನೆಯ ಕೊಂಡಿ

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ನೋಂದಾಯಿತ ವ್ಯಾಪಾರಿಯು ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ರೈತನಿಗೆ ಈ ದಾರಿ ಇಲ್ಲ. ಅವನ ಫಸಲಿಗೆ ತೆರಿಗೆ ಇಲ್ಲದಿರುವುದರಿಂದ, ಗೊಬ್ಬರ, ಔಷಧಿ, ಬಿಡಿಭಾಗಗಳ ಮೇಲೆ ತೆತ್ತ ತೆರಿಗೆ ಅವನ ಖರ್ಚಿನಲ್ಲೇ ಸೇರಿಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಅದರ ಟೈರ್‌ಗಳ ಮೇಲಿನದು ಶೇ 18ರಿಂದ 5ಕ್ಕೆ ಇಳಿದದ್ದು ನಿಜವಾದ ಪರಿಹಾರವೇ. ಆದರೆ ರಾಸಾಯನಿಕ ಕೀಟನಾಶಕಗಳು ಆಗ ಶೇ 18ರಲ್ಲೇ ಉಳಿದವು.

ಖರ್ಚು ಹೆಚ್ಚಿತೆಂದು ರೈತ ಬೆಲೆ ಹೆಚ್ಚಿಸುವಂತಿಲ್ಲ. ಮಳೆಯನ್ನೇ ನಂಬಿದ ಔರಾದ್‌ನ ಸೋಯಾಬೀನ್, ಉದ್ದು, ಹೆಸರು ಬೆಳೆಗಾರ ಮಾರುಕಟ್ಟೆ ಹೇಳಿದ ದರಕ್ಕೆ ಮಾರಬೇಕು. ಆ ದರವನ್ನೂ ತೆರಿಗೆ ನೀತಿ ಅಲುಗಾಡಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಆಮದು ಸುಂಕವನ್ನು ಉಪಕರ ಸೇರಿ ಶೇ 5.5ರಿಂದ 27.5ಕ್ಕೆ ಏರಿಸಲಾಯಿತು, 2025ರ ಮೇ ಅಂತ್ಯಕ್ಕೆ ಶೇ 16.5ಕ್ಕೆ ಇಳಿಸಲಾಯಿತು. ಇಂಥ ಸುಂಕ ಏರಿದರೆ ಹೊರೆ ನಗರದ ಅಡುಗೆಮನೆಗೆ, ಇಳಿದರೆ ಸೋಯಾಬೀನ್ ರೈತನಿಗೆ.

ಭಾಲ್ಕಿ ಭಾಗದ ಕಬ್ಬು ಬೆಳೆಗಾರನ ಸ್ಥಿತಿಯೂ ಭಿನ್ನವಲ್ಲ. ಕೇಂದ್ರ ನಿಗದಿಪಡಿಸುವ ಎಫ್‌ಆರ್‌ಪಿ ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆ ವೆಚ್ಚವನ್ನು ಕಳೆದು ಉಳಿದದ್ದು ರೈತನ ಕೈಸೇರುತ್ತದೆ. ಡೀಸೆಲ್ ಸುಂಕ ಏರಿದಾಗ ಕಡಿತವಾಗುವುದು ಅವನ ಬಿಲ್ಲಿನಲ್ಲೇ.

ಬೀದರ್ ನಗರದ ಬಿದ್ರಿ ಕುಶಲಕರ್ಮಿಗಳದ್ದೂ ಇದೇ ಪಾಡು. ಸತುವಿನ ಮೇಲೆ ಶೇ 18, ಬೆಳ್ಳಿಯ ಮೇಲೆ ಶೇ 3 ಜಿಎಸ್‌ಟಿ ಇದೆ. ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟದ ಸಣ್ಣ ಕುಶಲಕರ್ಮಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವನಿಗೆ ತೆರಿಗೆ ಮರಳುವುದೂ ಇಲ್ಲ.

ಕೊಡುಗೆ ಮತ್ತು ಹೊರೆ

ಪಿಎಂ ಕಿಸಾನ್ ಯೋಜನೆಯಡಿ ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂ. ದೊರೆಯುತ್ತದೆ, ಗೊಬ್ಬರಕ್ಕೆ ಸಹಾಯಧನವೂ ಇದೆ. ಇವನ್ನು ಅಲ್ಲಗಳೆಯುವಂತಿಲ್ಲ. ಆದರೆ 2022ರ ಮೇ ದರದಂತೆ ಸುಮಾರು 380 ಲೀಟರ್ ಡೀಸೆಲ್‌ನ ಅಬಕಾರಿ ಸುಂಕವೇ ಆ 6,000 ರೂ.ಗೆ ಸಮ.

ಒಟ್ಟಿನಲ್ಲಿ, ತೆರಿಗೆಯನ್ನು ಮುಂದಿನವನಿಗೆ ದಾಟಿಸಬಲ್ಲವನು ಅದನ್ನು ಕಟ್ಟುತ್ತಾನೆ, ದಾಟಿಸಲಾಗದವನು ಹೊರುತ್ತಾನೆ. ಯಾವುದೇ ಹೊಸ ತೆರಿಗೆಯ ಘೋಷಣೆಯಾದಾಗ ದರಕ್ಕಿಂತ ಮೊದಲು ಗಮನಿಸಬೇಕಾದದ್ದು ಇದನ್ನೇ.