ಚಿನ್ನಿಯ ಪಂಜದೊಳಗೆ ಉಳಿದ ಮೂಳೆಚೂರು

ಪಶುವೈದ್ಯೆ ಎರಡು ಎಕ್ಸ್‌ರೇಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಎಡಗಡೆ ಆರೋಗ್ಯವಂತ ಬೆಕ್ಕೊಂದರ ಮುಂಗಾಲು, ಬಲಗಡೆ ನಮ್ಮ ಚಿನ್ನಿಯದು. ಎಡಗಡೆಯ ಚಿತ್ರದಲ್ಲಿ ಪ್ರತಿ ಬೆರಳೂ ಬಾಗಿದ ಪುಟ್ಟ ಮೂಳೆಯೊಂದರಲ್ಲಿ ಮುಗಿಯುತ್ತಿತ್ತು. ಚಿನ್ನಿಯ ಬೆರಳುಗಳು ಒಂದು ಗೆಣ್ಣು ಮೊದಲೇ ನಿಂತುಬಿಟ್ಟಿದ್ದವು. ಮೂರು ಬೆರಳುಗಳ ತುದಿಯಲ್ಲಿ ಮಾತ್ರ, ಯಾವುದಕ್ಕೂ ಅಂಟಿಕೊಳ್ಳದ ಸಣ್ಣ ಬಿಳಿ ಚೂರುಗಳು. ವೈದ್ಯೆ ಪೆನ್ನಿನ ತುದಿಯಿಂದ ಒಂದೊಂದನ್ನೇ ಮುಟ್ಟಿ, ‘ಇಷ್ಟು ವರ್ಷ ಇದು ಇವುಗಳ ಮೇಲೇ ನಡೆದಿದೆ’ ಎಂದರು. ಆ ಚಿತ್ರ ನೋಡಿದಾಗಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ.

ಚಿನ್ನಿ ನನ್ನ ಅಕ್ಕನ ಮಗಳ ಬೆಕ್ಕು. ಇರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಮೈಮೇಲಿರುವ ಹೆಣ್ಣು ಬೆಕ್ಕು. ಪ್ರಾಣಿ ಶೆಲ್ಟರ್‌ನಿಂದ ತಂದಾಗಲೇ ಅದರ ಮುಂಗಾಲುಗಳಿಗೆ ಡಿಕ್ಲಾ, ಎಂದರೆ ಉಗುರು ತೆಗೆಯುವ ಶಸ್ತ್ರಚಿಕಿತ್ಸೆ, ಆಗಿತ್ತು, ಹಿಂದೆ ಸಾಕಿದವರು ಮಾಡಿಸಿದ್ದು. ಸೋಫಾ ಕೆರೆಯುವುದಿಲ್ಲ, ಮಕ್ಕಳನ್ನು ಪರಚುವುದಿಲ್ಲ ಎಂದು ಶೆಲ್ಟರ್‌ನವರು ಅದನ್ನೊಂದು ಅನುಕೂಲದಂತೆಯೇ ಹೇಳಿದ್ದರಂತೆ. ಆದರೆ ಮನೆಗೆ ಬಂದ ಬೆಕ್ಕು, ಮಲಮೂತ್ರಕ್ಕೆಂದು ಹರಳು ತುಂಬಿಟ್ಟ ಲಿಟರ್ ಬಾಕ್ಸ್ ಬಿಟ್ಟು ಸ್ನಾನದ ಮನೆಯ ಮೆತ್ತನೆಯ ಕಾಲೊರಸಿನ ಮೇಲೆ ಉಚ್ಚೆ ಹೊಯ್ಯತೊಡಗಿತು. ಎತ್ತಿಕೊಳ್ಳಹೋದರೆ ಕಚ್ಚುತ್ತಿತ್ತು. ‘ಸ್ವಭಾವವೇ ಹೀಗೆ ಅನ್ಸುತ್ತೆ ಚಿಕ್ಕಮ್ಮ, ಹಿಂದಿನೋರು ಅದಕ್ಕೇ ಬಿಟ್ಟಿರ್ಬೇಕು’ ಎಂದು ಅವಳು ಬೇಸರದಲ್ಲಿದ್ದಳು. ಬಾಣಂತನಕ್ಕೆ ಬಂದಿದ್ದ ಅಕ್ಕ ಮಾತ್ರ ಬೆಕ್ಕಿನ ಕಾಲನ್ನೇ ನೋಡುತ್ತಿದ್ದಳು. ಸಾಗರದ ಕಡೆಯ ಮನೆಯಲ್ಲಿ ಹತ್ತಾರು ಬೆಕ್ಕು ಕಂಡವಳು. ‘ಪಾಪದ್ದು, ಜಲ್ಲಿ ಮೇಲೆ ಬರಿಗಾಲಲ್ಲಿ ಹೋದ ಹಾಗೆ ಹೋಗ್ತದೆ ನೋಡೇ’ ಎಂದಳು. ಎಕ್ಸ್‌ರೇ ತೆಗೆಸುವ ಯೋಚನೆ ಹುಟ್ಟಿದ್ದು ಆ ಮಾತಿನಿಂದ.

ಬೆಕ್ಕಿನ ಉಗುರು ನಮ್ಮ ಉಗುರಿನಂತೆ ಚರ್ಮದ ಮೇಲೆ ಕೂತಿಲ್ಲ. ಬೆರಳಿನ ಕೊನೆಯ ಮೂಳೆಯಿಂದಲೇ ಅದು ಬೆಳೆಯುತ್ತದೆ. ಆದ್ದರಿಂದ ಉಗುರು ಮತ್ತೆ ಬಾರದಂತೆ ಮಾಡಬೇಕಾದರೆ ಆ ಮೂಳೆಯನ್ನೇ ಗೆಣ್ಣಿನಲ್ಲಿ ಕತ್ತರಿಸಿ ತೆಗೆಯಬೇಕು. ಬೆಕ್ಕಿಗೆ ಮುಂದಿನ ಪ್ರತಿ ಕಾಲಿಗೆ ಐದು, ಹಿಂದಿನ ಪ್ರತಿ ಕಾಲಿಗೆ ನಾಲ್ಕು, ಒಟ್ಟು 18 ಉಗುರು. ಮುಂಗಾಲು ಎರಡಕ್ಕೇ ಮಾಡಿಸಿದರೂ ಹತ್ತು ಅಂಗಚ್ಛೇದನ. ಅದೂ ಬೆಕ್ಕು ನಡೆಯುವುದೇ ಬೆರಳುಗಳ ಮೇಲೆ. ಬೆರಳು ಮಡಿಸುವ ಸ್ನಾಯುರಜ್ಜು ಬಂದು ಸೇರುವುದು ಇದೇ ಕೊನೆಯ ಮೂಳೆಗೆ. ಮೂಳೆ ಹೋದ ಮೇಲೆ ರಜ್ಜು ಹಿಂದಕ್ಕೆ ಸೆಳೆದುಕೊಳ್ಳುತ್ತದೆ, ಅಂಗಾಲಿನ ಮೆತ್ತೆ ಜಾಗ ಬಿಟ್ಟು ಸರಿಯಬಹುದು, ಮೈಭಾರ ಕತ್ತರಿಸಿದ ತುದಿಗೆ ಬೀಳುತ್ತದೆ. ನೋವು ತಪ್ಪಿಸಿಕೊಳ್ಳಲು ಬೆಕ್ಕು ಭಾರವನ್ನು ಹಿಂಗಾಲಿಗೆ ಹಾಕುತ್ತದೆ. ಕೊನೆಗೆ ಬೆನ್ನೂ ನೋಯುತ್ತದೆ.

ಕತ್ತರಿಸುವ ಬಗೆ ಮೂರು. ಉಗುರು ಕತ್ತರಿಸುವಂಥ ಕ್ಲಿಪ್ಪರ್‌ನಿಂದ ಒಮ್ಮೆಗೇ ತುಂಡರಿಸುವುದು ಹಳೆಯದು, ಬೇಗ ಮುಗಿಯುವಂಥದ್ದು. ಮೂಳೆಚೂರು ಒಳಗೆ ಉಳಿಯುವುದು ಹೆಚ್ಚಾಗಿ ಇದರಿಂದ. ಉಳಿದ ಚೂರಿನಲ್ಲಿ ಉಗುರು ಹುಟ್ಟುವ ಜೀವಕೋಶಗಳಿದ್ದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಉಗುರು ಚರ್ಮದೊಳಗೇ ಸೊಟ್ಟ ಬೆಳೆದು ಕೀವು ಕಟ್ಟುತ್ತದೆ. ಎರಡನೆಯದು ಸ್ಕಾಲ್ಪೆಲ್‌ನಿಂದ ಗೆಣ್ಣು ಬಿಡಿಸುವುದು, ಮೂರನೆಯದು ಲೇಸರ್. ಲೇಸರ್ ಎಂದೊಡನೆ ನೋವಿಲ್ಲದ ಚಿಕಿತ್ಸೆ ಎಂದುಕೊಳ್ಳುವವರಿದ್ದಾರೆ. ರಕ್ತ ಕಡಿಮೆ ಹೋಗುತ್ತದೆ, ಮೊದಲ ಕೆಲವು ದಿನ ಸ್ವಲ್ಪ ಹಾಯಾಗಿರಬಹುದು, ಅಷ್ಟೇ. ತೆಗೆಯುವ ಮೂಳೆ ಅದೇ.

2017ರಲ್ಲಿ ‘ಜರ್ನಲ್ ಆಫ್ ಫೀಲೈನ್ ಮೆಡಿಸಿನ್ ಆಂಡ್ ಸರ್ಜರಿ’ಯಲ್ಲಿ ಬಂದ ಅಧ್ಯಯನವನ್ನು ವೈದ್ಯೆಯೇ ನಮಗೆ ಓದಲು ಕೊಟ್ಟರು. 274 ಬೆಕ್ಕುಗಳನ್ನು ಪರೀಕ್ಷಿಸಿದ್ದರು, ಅರ್ಧ ಡಿಕ್ಲಾ ಆದವು, ಅರ್ಧ ಆಗದವು. ಡಿಕ್ಲಾ ಆದವುಗಳಲ್ಲಿ ಶೇ 63ರಷ್ಟರ ಪಂಜದಲ್ಲಿ ಮೂಳೆಚೂರು ಉಳಿದಿತ್ತು. ಲಿಟರ್ ಬಾಕ್ಸ್‌ನ ಹೊರಗೆ ಮಲಮೂತ್ರ ಮಾಡುವ ಸಂಭವ ಇವುಗಳಲ್ಲಿ ಸುಮಾರು ಏಳು ಪಟ್ಟು, ಕಚ್ಚುವ ಸಂಭವ ನಾಲ್ಕೂವರೆ ಪಟ್ಟು, ಬೆನ್ನುನೋವಿನ ಸಂಭವ ಹತ್ತಿರಹತ್ತಿರ ಮೂರು ಪಟ್ಟು ಹೆಚ್ಚು ಕಂಡಿತು. ಮೂಳೆಯನ್ನು ಪೂರ್ತಿ, ಅಚ್ಚುಕಟ್ಟಾಗಿ ತೆಗೆದಿದ್ದ ಬೆಕ್ಕುಗಳ ಸ್ಥಿತಿ ಇದಕ್ಕಿಂತ ಮೇಲಾಗಿತ್ತು ನಿಜ. ಆದರೂ ಕಚ್ಚುವುದು, ಬಾಕ್ಸ್ ಬಿಡುವುದು ಅವುಗಳಲ್ಲೂ ಹೆಚ್ಚೇ ಇತ್ತು. ಅಕ್ಕನ ಮಗಳು ಆ ಸಾಲುಗಳನ್ನು ಓದಿ ಬಹಳ ಹೊತ್ತು ಚಿನ್ನಿಯ ತಲೆ ಸವರುತ್ತಿದ್ದಳು.

ಬಾಕ್ಸ್ ಯಾಕೆ ಬಿಡುತ್ತದೆ? ಮಲಮೂತ್ರ ಮುಚ್ಚಲು ಬೆಕ್ಕು ಹರಳನ್ನು ಮುಂಗಾಲಿನಿಂದಲೇ ಕೆದಕಬೇಕು, ಹಸಿಗಾಯಕ್ಕೆ ಅದು ಚುಚ್ಚುತ್ತದೆ. ನೋವಿಗೆ ಆ ಜಾಗವೇ ಕಾರಣ ಎಂದು ಅದಕ್ಕೆ ಅನ್ನಿಸಿಬಿಡುತ್ತದೆ. ಇಲ್ಲಿ ಇತಿಹಾಸದ ಒಂದು ಎಳೆ ಹೇಳಲೇಬೇಕು. ಆ ಜೇಡಿಮಣ್ಣಿನ ಹರಳನ್ನು ಬೆಕ್ಕಿಗೆಂದು ಮೊದಲು ಮಾರಿದವನು ಮಿಷಿಗನ್ ರಾಜ್ಯದ ಎಡ್ ಲೋ, 1947ರಲ್ಲಿ. ಬೆಕ್ಕನ್ನು ಹೊರಗೆ ಬಿಡದೆ ಹಗಲೂ ರಾತ್ರಿ ಮನೆಯೊಳಗೇ ಇಟ್ಟುಕೊಳ್ಳಲು ದಾರಿಯಾದದ್ದು ಅದರಿಂದ. ಮರ ಸಿಗದ ಬೆಕ್ಕು ಸೋಫಾ ಹಿಡಿಯಿತು. 1952ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮಿಸೆನರ್ ಎಂಬ ವೈದ್ಯ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದ. ನಡುವೆ ಐದೇ ವರ್ಷ.

ಆಮೇಲೆ ಒಂದೊಂದೇ ಕಡೆ ನಿಷೇಧ ಬಂತು. ಬ್ರಿಟನ್ನಿನಲ್ಲಿ, ಯುರೋಪಿನ ಬಹಳಷ್ಟು ಕಡೆ ಇದು ಕಾನೂನುಬಾಹಿರ. ಇಸ್ರೇಲ್ 2011ರಲ್ಲಿ ನಿಷೇಧಿಸಿತು. ಅಮೆರಿಕದ ರಾಜ್ಯಗಳಲ್ಲಿ ನ್ಯೂಯಾರ್ಕ್ ಮೊದಲನೆಯದು, 2019ರಲ್ಲಿ. ಮೇರಿಲ್ಯಾಂಡ್, ವರ್ಜೀನಿಯಾ, ಮ್ಯಾಸಚೂಸೆಟ್ಸ್ ಆಮೇಲೆ ಬಂದವು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಕ್ಯಾಲಿಫೋರ್ನಿಯಾದ ಕಥೆ. ಅದು ಶುರುವಾಗುವುದು ಹುಲಿಗಳಿಂದ. ಸಿನಿಮಾ, ಸರ್ಕಸ್ಸುಗಳಿಗಾಗಿ ಸಾಕಿದ ಹುಲಿ, ಸಿಂಹ, ಪ್ಯೂಮಾಗಳಿಗೂ ಅಲ್ಲಿ ಡಿಕ್ಲಾ ಮಾಡಿಸುತ್ತಿದ್ದರು. ಅಷ್ಟು ಭಾರದ ಪ್ರಾಣಿ ತುದಿಯಿಲ್ಲದ ಬೆರಳುಗಳ ಮೇಲೆ ನಿಲ್ಲಲಾರದೆ ಕುಂಟುತ್ತಿತ್ತು. ಜೆನಿಫರ್ ಕಾನ್ರಾಡ್ ಎಂಬ ಪಶುವೈದ್ಯೆ ಸೆಳೆದುಹೋದ ರಜ್ಜುಗಳನ್ನು ಹುಡುಕಿ ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಆರಂಭಿಸಿ, ‘ಪಾ ಪ್ರಾಜೆಕ್ಟ್’ ಎಂಬ ಸಂಸ್ಥೆ ಕಟ್ಟಿದರು. ಅವರ ಒತ್ತಾಯದ ಫಲವಾಗಿ 2003ರಲ್ಲಿ ವೆಸ್ಟ್ ಹಾಲಿವುಡ್ ನಗರ ಸಾಕುಬೆಕ್ಕುಗಳ ಡಿಕ್ಲಾ ನಿಷೇಧಿಸಿತು. ರಾಜ್ಯದ ಪಶುವೈದ್ಯರ ಸಂಘ ಕೋರ್ಟಿಗೆ ಹೋಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ತೀರ್ಪು ಕೊಟ್ಟಿತು. ಸಂಘ ಸುಮ್ಮನಾಗಲಿಲ್ಲ. ಇಂಥ ನಿಷೇಧ ಹೇರುವ ಅಧಿಕಾರ ಇನ್ನು ಮುಂದೆ ನಗರಗಳಿಗಿಲ್ಲ ಎಂಬ ಕಾನೂನು 2009ರಲ್ಲಿ ರಾಜ್ಯ ಶಾಸನಸಭೆಯಲ್ಲಿ ಪಾಸಾಯಿತು. ಆದರೆ ಅದು ಜಾರಿಗೆ ಬರುವುದು 2010ರ ಜನವರಿ 1ರಿಂದ, ಅದಕ್ಕೆ ಮೊದಲು ಆದ ನಿಷೇಧಗಳಿಗೆ ತೊಂದರೆಯಿಲ್ಲ. ಉಳಿದ ಕೆಲವೇ ತಿಂಗಳಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಸಾಂಟಾ ಮೋನಿಕಾ, ಬರ್ಬ್ಯಾಂಕ್, ಬರ್ಕ್ಲಿ, ಬೆವರ್ಲಿ ಹಿಲ್ಸ್, ಕಲ್ವರ್ ಸಿಟಿ ಏಳೂ ನಗರಗಳು ಸಭೆ ಸೇರಿ ನಿಷೇಧ ಹೊರಡಿಸಿದವು! ತಡೆಯಲು ತಂದ ಕಾನೂನೇ ಒಂದು ನಗರವಿದ್ದದ್ದನ್ನು ಎಂಟು ಮಾಡಿತು. ಬೆಕ್ಕಿನ ಬೆರಳಿಗಾಗಿ ಇಷ್ಟು ನಗರಸಭೆಗಳು ವರ್ಷಾಂತ್ಯದೊಳಗೆ ಓಡಿದ್ದನ್ನು ಓದಿ ನಾನು ನಿಜಕ್ಕೂ ಸಂತೋಷಪಟ್ಟೆ.

ಡಿಕ್ಲಾ ಇರದಿದ್ದರೆ ಜನ ಬೆಕ್ಕನ್ನೇ ಶೆಲ್ಟರ್‌ಗೆ ಬಿಟ್ಟುಬಿಡುತ್ತಾರೆ ಎಂಬುದು ಸಮರ್ಥಕರ ದೊಡ್ಡ ವಾದ. ಚಿನ್ನಿಯನ್ನು ಕಂಡ ಮೇಲೆ ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕಚ್ಚುವ, ಮನೆ ಗಲೀಜು ಮಾಡುವ ಬೆಕ್ಕೇ ತಾನೇ ಶೆಲ್ಟರ್ ಸೇರುವುದು? ರೋಗನಿರೋಧಕ ಶಕ್ತಿ ಕುಂದಿದವರಿಗೆ ಪರಚುಗಾಯ ಅಪಾಯ ಎಂಬ ಮಾತೂ ಇದೆ. ಆದರೆ ಅಮೆರಿಕದ ಆರೋಗ್ಯ ಸಂಸ್ಥೆಗಳು ಎಚ್‌ಐವಿ ಇರುವವರ ಮನೆಯ ಬೆಕ್ಕಿಗೂ ಡಿಕ್ಲಾ ಸಲಹೆ ಮಾಡುವುದಿಲ್ಲ.

ಚಿನ್ನಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯಾಯಿತು, ಈ ಸಲ ಉಳಿದ ಚೂರುಗಳನ್ನು ತೆಗೆಯಲು. ಪಂಜಕ್ಕೆ ಸುತ್ತಲೂ ಮರಗಟ್ಟಿಸುವ ಇಂಜೆಕ್ಷನ್, ಆಮೇಲೆ ಕೆನ್ನೆಯೊಳಗೆ ಹಾಕುವ ಬ್ಯುಪ್ರೆನಾರ್ಫಿನ್, ನರದ ನೋವಿಗೆ ಗ್ಯಾಬಪೆಂಟಿನ್. ಬ್ಯಾಂಡೇಜನ್ನು ಮಾರನೆಯ ದಿನವೇ ಬಿಚ್ಚಿದರು. ಬಿಗಿಯಾಗಿ ಬಹಳ ಹೊತ್ತು ಬಿಟ್ಟರೆ ರಕ್ತಸಂಚಾರ ನಿಂತು ಬೆರಳಿನ ಮಾಂಸವೇ ಸಾಯಬಹುದು. ಬಾಕ್ಸ್‌ಗೆ ಹರಳಿನ ಬದಲು ಕಾಗದ. ಅಕ್ಕ ಅಂಗಡಿಗಳ ಜಾಹೀರಾತು ಕಾಗದಗಳನ್ನೆಲ್ಲ ಕೂಡಿಹಾಕಿ ಟಿವಿ ನೋಡುತ್ತಾ ಸಣ್ಣಗೆ ಹರಿದು ಗುಡ್ಡೆ ಹಾಕುತ್ತಿದ್ದಳು. ಎತ್ತರಕ್ಕೆ ಹಾರದಂತೆ ಚಿನ್ನಿಯನ್ನು ಒಂದೇ ಕೋಣೆಯಲ್ಲಿಟ್ಟರು. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅದರ ಮುಖ ಓದಲು ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದ್ದಾರೆ. ಕಿವಿ ಪಕ್ಕಕ್ಕೆ ತಿರುಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ಸೆಟೆದಿದೆಯೇ, ತಲೆ ಭುಜಕ್ಕಿಂತ ಕೆಳಗಿದೆಯೇ ಎಂದು ಅಕ್ಕನ ಮಗಳು ದಿನವೂ ಅಂಕ ಹಾಕಿ ಬರೆದಿಟ್ಟಳು.

ವಾರಗಳಲ್ಲಿ ನಡಿಗೆ ಸುಧಾರಿಸಿತು. ಬಾಕ್ಸ್‌ಗೆ ಮರಳಿತು, ಕಾಗದವಿದ್ದರೆ ಮಾತ್ರ. ಮುಂಗಾಲು ಮುಟ್ಟಿದರೆ ಈಗಲೂ ತಿರುಗಿ ಬಾಯಿ ಹಾಕುತ್ತದೆ. ಹೋದ ಗೆಣ್ಣು ಬರುವುದಿಲ್ಲ, ಕತ್ತರಿಸಿದ ನರ ಕೆಲವೊಮ್ಮೆ ಜೀವನಪೂರ್ತಿ ಕಾಡುತ್ತದೆ ಎಂದು ವೈದ್ಯೆ ಮೊದಲೇ ತಿಳಿಸಿದ್ದರು.

ಅಮೆರಿಕದಲ್ಲಿರುವ ನಮ್ಮವರಲ್ಲಿ ಬೆಕ್ಕು ಸಾಕುವವರು ಹೆಚ್ಚುತ್ತಿದ್ದಾರೆ, ಅವರಿಗಾಗಿ ಎರಡು ಮಾತು. ಮನೆಯ ಮಾಲೀಕರು ಕೇಳಿದರೆಂದು ಡಿಕ್ಲಾ ಮಾಡಿಸಬೇಡಿ. ಹಾಗೆ ಷರತ್ತು ಹಾಕುವುದು ಕ್ಯಾಲಿಫೋರ್ನಿಯಾದಲ್ಲಿ 2013ರಿಂದಲೇ ಕಾನೂನಿಗೆ ವಿರುದ್ಧ. ಬೆಕ್ಕು ಮೈಚಾಚಿ ಕೆರೆಯುವಷ್ಟು ಎತ್ತರದ, ಅಲುಗಾಡದ, ಕತ್ತಾಳೆ ಹಗ್ಗ ಸುತ್ತಿದ ಕಂಬವೊಂದನ್ನು ಸೋಫಾದ ಪಕ್ಕದಲ್ಲೇ ನಿಲ್ಲಿಸಿ, ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ಶೆಲ್ಟರ್‌ನಿಂದ ಡಿಕ್ಲಾ ಆದ ಬೆಕ್ಕನ್ನು ತಂದಿದ್ದು, ಅದು ಕಚ್ಚುತ್ತಿದ್ದರೆ, ಬಾಕ್ಸ್ ಬಿಟ್ಟಿದ್ದರೆ, ಬೈಯುವ ಮೊದಲು ಎರಡೂ ಪಂಜಗಳ ಎಕ್ಸ್‌ರೇ ತೆಗೆಸಿ. ನೋವು ಅನ್ನಿಸಿತೆಂದು ನಿಮ್ಮ ಪ್ಯಾರಸಿಟಮಾಲ್ ಮಾತ್ರ ಎಂದಿಗೂ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.