ಗೋಪಾಳದ ಶೆಡ್ಡಿನಲ್ಲೊಂದು ಅಂಬಾಸಿಡರ್

ಶಿವಮೊಗ್ಗದಲ್ಲಿ ಕಾರು ಕೆಟ್ಟವರು ಮೊದಲು ಹೋಗುವುದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ. ಹಳೇ ಕಾರಿಗೆ ನಿಧಾನವಾಗಿ, ಮನಸ್ಸಿಟ್ಟು ಬಣ್ಣ ಹೊಡೆಸಬೇಕೆನ್ನುವ ಕೆಲವರು ಮಾತ್ರ ಆಲ್ಕೊಳ ಸರ್ಕಲ್ ದಾಟಿ ಗೋಪಾಳದ ಕಡೆ ಬರುತ್ತಾರೆ. ಮನೆ, ಬೇಕರಿ, ಮೆಡಿಕಲ್ ಶಾಪುಗಳ ಮಧ್ಯೆ ಒಂದು ಖಾಲಿ ಸೈಟು, ಅದರ ಹಿಂದೆ ತಗಡಿನ ಶೆಡ್ಡು. ಬೋರ್ಡಿಲ್ಲ. ಥಿನ್ನರಿನ ಘಾಟು ಮೂಗಿಗೆ ಬಡಿದರೆ ಜಾಗ ಸಿಕ್ಕಿತೆಂದೇ ಅರ್ಥ.

ಆಷಾಢದ ಮಳೆ ತಗಡಿನ ಮೇಲೆ ಒಂದೇ ಸಮ ಬೀಳುತ್ತಿದೆ. ಒಳಗೆ 1974ರ ಅಂಬಾಸಿಡರ್ ನಿಂತಿದೆ. ಬಂಪರ್, ಗ್ರಿಲ್, ದೀಪ, ಬಾಗಿಲ ಹಿಡಿಕೆ ಎಲ್ಲ ಕಳಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿದ್ದಾರೆ. ಬೀಡಿಂಗ್ ರಬ್ಬರುಗಳು ಗೋಡೆಯ ಮೊಳೆಗೆ ನೇತಾಡುತ್ತಿವೆ. ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು. ಅವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದಾಗ ಕೊಂಡ ಕಾರಿದು. ಇವತ್ತಿಗೂ ವಾರಕ್ಕೊಮ್ಮೆ ಭದ್ರಾವತಿಯ ತಂಗಿ ಮನೆಗೆ ಇದರಲ್ಲೇ ಹೋಗಿಬರಬೇಕೆಂಬುದು ಮೇಷ್ಟ್ರ ಹಟ.

"ಶ್ರಾವಣ ಬರೋದ್ರೊಳಗೆ ಆಗುತ್ತೇನಪ್ಪಾ?"

ಪೇಂಟರ್ ಕೈ ಒರೆಸಿಕೊಂಡು ಹೊರಗಿನ ಮಳೆ ನೋಡಿದರು. "ಆತುರ ಮಾಡ್ಬೇಡಿ ಮೇಷ್ಟ್ರೆ. ಟಿಂಕರಿಂಗ್, ಪಟ್ಟಿ ಕೆಲಸ ಮಾಡ್ಕೊಂಡಿರ್ತೀನಿ. ಈ ಹವೆಯಲ್ಲಿ ಸ್ಪ್ರೇ ಗನ್ ಹಿಡಿದ್ರೆ ಬೂಷ್ಟು ಹಿಡಿದಂಗೆ ಬೆಳ್ಳಗಾಗುತ್ತೆ. ಆಮೇಲೆ ನೀವೇ ಬೈತೀರಿ."

ಯಾವ ಜಾತಿಯ ಬಣ್ಣ ಹೊಡೆಯಬೇಕೆಂದು ತೀರ್ಮಾನಿಸುವ ಮೊದಲು ಅವರು ಮಾಡಿದ್ದು ಒಂದು ಸಣ್ಣ ಪರೀಕ್ಷೆ. ಪೆಟ್ರೋಲ್ ಮುಚ್ಚಳದ ಪಕ್ಕದಲ್ಲಿ ವಾಟರ್ ಪೇಪರ್ ಹಿಡಿದು, ನೀರು ಚಿಮುಕಿಸಿ, ಐದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆಲ್ಲಗೆ ಉಜ್ಜಿದರು. ಮೇಲಿನ ಬಿಳಿ ಸವೆದು ಬೂದು ಬಣ್ಣದ ಪ್ರೈಮರ್ ಕಂಡಿತು. ಅದರ ಕೆಳಗೆ ಆಕಾಶನೀಲಿಯ ತೆಳುವಾದ ಉಂಗುರ, ಆಮೇಲೆ ಕೆಂಪು ಆಕ್ಸೈಡ್, ಕೊನೆಗೆ ಹೊಳೆಯುವ ಉಕ್ಕು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆ ನೀಲಿಯನ್ನು ನೋಡದೆ ಅವರಿಗೆ ಎಷ್ಟೋ ವರ್ಷಗಳಾಗಿದ್ದವು.

ನಂತರ ಬಿಳಿ ತುಂಡುಬಟ್ಟೆಯನ್ನು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನಲ್ಲಿ ಅದ್ದಿ ಬಾಗಿಲಿನ ಕೆಳಮೂಲೆಗೆ ಒತ್ತಿ ಹಿಡಿದರು. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಮೇಲಿರುವುದು ಎನ್‌ಸಿ. ಉಬ್ಬಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಹಾರ್ಡ್‌ನರ್ ಬೆರೆಸಿ ಹೊಡೆದ ಪಿಯು (ಪಾಲಿಯುರೆಥೇನ್), ಇಲ್ಲವೇ ಕಾರ್ಖಾನೆಯಲ್ಲಿ ಒಲೆಗೆ ಹಾಕಿ ಬೇಯಿಸಿದ ಬಣ್ಣ. ಇಲ್ಲಿ ಬಿಳಿ ಸುಕ್ಕುಗಟ್ಟಿತು. ಯಾವಾಗಲೋ ಯಾರೋ ಅಗ್ಗಕ್ಕೆ ಎನಾಮೆಲ್ ಬಳಿದಿದ್ದಾರೆ. ಇದರ ಮೇಲೆ ನೇರವಾಗಿ ಎನ್‌ಸಿಯನ್ನೋ ಪಿಯುವನ್ನೋ ಹೊಡೆದರೆ ಥಿನ್ನರ್ ಒಳಗಿಳಿದು ಇಡೀ ಬಾನೆಟ್ಟು ಇದೇ ರೀತಿ ಏಳುತ್ತದೆ. ಹಾಗಾಗಿ ಬಿಳಿಯನ್ನು ಪೂರ್ತಿ ತೆಗೆಯಲೇಬೇಕು. ಹಳೇ ಕಾರಿಗೆ ಯಾವ ಪೇಂಟ್ ಒಳ್ಳೆಯದು ಎಂದು ಕೇಳುವವರು ಅಂಗಡಿಯ ಡಬ್ಬಿಗಳ ಬೆಲೆ ಹೋಲಿಸುತ್ತಾ ನಿಲ್ಲುತ್ತಾರೆ. ಅರ್ಧ ಉತ್ತರ ಕಾರಿನ ಮೈಮೇಲೇ ಇರುತ್ತದೆ.

ಇನ್ನರ್ಧ ಉತ್ತರವಿರುವುದು ಹವೆಯಲ್ಲಿ. ಅದು ತಿಳಿಯಬೇಕಾದರೆ ಮೊದಲು ಎನ್‌ಸಿಯ ಕಥೆ ಗೊತ್ತಿರಬೇಕು. ಹಳಬರು ಡ್ಯೂಕೋ ಎಂದೇ ಕರೆಯುವ ಈ ಎನ್‌ಸಿ ಕೋವಿಮದ್ದಿನ ಕುಲಕ್ಕೇ ಸೇರಿದ ವಸ್ತು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಡುಪಾಂಟ್ ಕಂಪನಿ ಅದನ್ನು ಕಾರಿನ ಬಣ್ಣವಾಗಿ ಪಳಗಿಸಿತು. 1924ರ ಮಾಡೆಲ್ಲಿನ ಓಕ್ಲೆಂಡ್ ಕಾರುಗಳು ಆ ಬಣ್ಣದ ನೀಲಿಯಲ್ಲಿ ಬಂದವು. ವಾರಗಟ್ಟಲೆ ಒಣಗುತ್ತಿದ್ದ ವಾರ್ನಿಷಿನ ಕಾಲ ಅಲ್ಲಿಂದ ಮುಗಿಯುತ್ತಾ ಬಂತು. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅಲ್ಲಿ ಕಬ್ಬಿಣದ ಜೊತೆಗೆ ಕಾಡಿನ ಮರ ಬಟ್ಟಿಯಿಳಿಸಿ ಮರದ ಆಲ್ಕೋಹಾಲು, ಅಸಿಟೇಟ್ ಕೂಡ ತೆಗೆಯುತ್ತಿದ್ದರು. ಎರಡೂ ಥಿನ್ನರಿನ ಹತ್ತಿರದ ನೆಂಟರು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು.

ಎನ್‌ಸಿ ಬೇಗ ಒಣಗುತ್ತದೆ. ಮಲೆನಾಡಿನಲ್ಲಿ ತೊಂದರೆಯಾಗುವುದೂ ಅದರಿಂದಲೇ. ಥಿನ್ನರ್ ರಭಸದಿಂದ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಳಿದು ಬೆಳ್ಳಗಿನ ಮಸುಕು ಕಟ್ಟುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಸ್ವಲ್ಪ ಹತೋಟಿಗೆ ಬರುತ್ತದೆ, ಅಷ್ಟೆ. ಪಿಯು ಹೊಡೆದರೆ ಬಚಾವು ಎಂದುಕೊಳ್ಳುವ ಹಾಗೂ ಇಲ್ಲ. ಅದರ ಹಾರ್ಡ್‌ನರಿನಲ್ಲಿರುವ ಐಸೊಸೈನೇಟ್ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಣ್ಣದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಹೊಳಪು ಮಂಕಾಗುತ್ತದೆ. ಮುಚ್ಚಳ ಸಡಿಲವಾಗಿ ಬಿಟ್ಟ ಹಾರ್ಡ್‌ನರ್ ಡಬ್ಬಿ ಮಳೆಗಾಲದಲ್ಲಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಪೇಂಟರ್ ಕಂಪ್ರೆಸರಿನ ತಳದ ಕೊಳಾಯಿ ಬಿಚ್ಚಿ ತೋರಿಸಿದರು. ತುಕ್ಕುಬಣ್ಣದ ನೀರು ಚಿರ್ರೆಂದು ಹಾರಿತು. "ಇದು ಗನ್ನಿಗೆ ಹೋದ್ರೆ ಯಾವ ಕಂಪನಿ ಪೇಂಟೂ ನಿಲ್ಲಲ್ಲ ಸಾರ್."

ಮಳೆಗಾಲದ ಇನ್ನೊಬ್ಬ ಕಳ್ಳನೆಂದರೆ ತಗ್ಗು ತುಂಬಲು ಮೆತ್ತುವ ಪಟ್ಟಿ. ಅದು ನೀರು ಕುಡಿಯುತ್ತದೆ. ನೀರು ಹಾಕಿ ಉಜ್ಜಿದ ಪಟ್ಟಿಯನ್ನು ಚೆನ್ನಾಗಿ ಆರಿಸದೆ ಬಣ್ಣ ಮುಚ್ಚಿದರೆ ತೇವ ಒಳಗೇ ಉಳಿದು, ಮುಂದಿನ ಬೇಸಿಗೆಯಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಈ ಕಾರಿನ ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ನೆಲ ಮೂರೂ ಕಡೆ ತುಕ್ಕು ತಿಂದಿದೆ. ಅಲ್ಲಿ ಪಟ್ಟಿ ಮೆತ್ತದೆ ಹಳೇ ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕುವುದೇ ಸರಿ. ಬರಿ ಉಕ್ಕು ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಲೆನಾಡಿನ ಗಾಳಿಗೆ ಉಜ್ಜಿಟ್ಟ ಉಕ್ಕು ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ.

ಕೊನೆಗೆ ಬಣ್ಣದ ಜಾತಿಯ ಮಾತು ಬಂತು. ಎನ್‌ಸಿಗೆ ಹಲವು ಕೋಟು ಬೇಕು, ಪ್ರತಿ ಸಲ ರಬ್ಬಿಂಗ್ ಬೇಕು, ಪೆಟ್ರೋಲ್ ತುಳುಕಿದರೆ ಕಲೆ ಉಳಿಯುತ್ತದೆ. ಆದರೂ ಕೈಯಲ್ಲಿ ತಿಕ್ಕಿದ ಎನ್‌ಸಿಯ ಮೃದುವಾದ ಹೊಳಪು ಬೇರೆ ಬಣ್ಣಕ್ಕೆ ಬರುವುದಿಲ್ಲ. ಮೊದಲಿನ ಎನ್‌ಸಿ ಇನ್ನೂ ಗಟ್ಟಿಯಾಗಿದ್ದು, ಕಾರು ಪ್ರದರ್ಶನಕ್ಕಷ್ಟೇ ಹೊರಡುವುದಾದರೆ ಅದನ್ನೇ ಮುಂದುವರಿಸಬೇಕು. ಎನಾಮೆಲ್ ಅಗ್ಗ, ಆದರೆ ಒಣಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಶೆಡ್ಡಿನ ಧೂಳೆಲ್ಲ ಅದರ ಮೇಲೆ ಕೂತಿರುತ್ತದೆ. ಈಗಿನ ಕಾರುಗಳಂತೆ ಬೇಸ್ ಕೋಟ್ ಮೇಲೆ ಕ್ಲಿಯರ್ ಕೋಟ್ ಹೊಡೆದರೆ ಗಾಜಿನಂತೆ ಹೊಳೆಯುತ್ತದೆ. ಅಂಬಾಸಿಡರಿನ ಗುಂಡು ಮೈಗೆ ಆ ಹೊಳಪು ಹೊಂದುವುದಿಲ್ಲ, ಮೆಟಾಲಿಕ್ ಅಂತೂ ಬೇಡವೇ ಬೇಡ. ವಾರಕ್ಕೊಮ್ಮೆ ರಸ್ತೆಗಿಳಿಯುವ ಇಂಥ ಕಾರಿಗೆ ಹಾರ್ಡ್‌ನರ್ ಬೆರೆಸಿದ ಸಾದಾ ಪಿಯು, ಕ್ಲಿಯರ್ ಇಲ್ಲದೆ ಎರಡು ಮೂರು ಕೋಟು ಹೊಡೆಯುವುದೇ ಸರಿ. ಬಿಸಿಲು, ಮಳೆ, ಪೆಟ್ರೋಲು ಮೂರನ್ನೂ ಅದು ತಡೆಯುತ್ತದೆ. ವಾರಗಳು ಕಳೆದ ಮೇಲೆ ಹದವಾಗಿ ಪಾಲಿಶ್ ಮಾಡಿದರೆ ಹಳೇ ಹೊಳಪಿನ ಹತ್ತಿರಕ್ಕೂ ಬರುತ್ತದೆ. ಪೇಂಟರ್ ಹೇಳಿದ್ದೂ ಅದನ್ನೇ. ನನಗೂ ಅದೇ ಸರಿ ಕಂಡಿತು.

ಬಣ್ಣ ಯಾವುದೆಂಬ ಚರ್ಚೆಯೇ ಬರಲಿಲ್ಲ. ಆರ್‌ಸಿಯಲ್ಲಿ ನೀಲಿ ಎಂದೇ ಇದೆ. ನಡುವೆ ಬಿಳಿ ಬಳಿದವರು ಆರ್‌ಟಿಓ ಕಚೇರಿಯಲ್ಲಿ ಅದನ್ನು ನಮೂದಿಸಿರಲಿಲ್ಲ. ನೀಲಿಗೆ ಮರಳಿದರೆ ಕಾಗದಪತ್ರವೂ ಸರಿಹೋಗುತ್ತದೆ. ಗ್ಲೋವ್ ಬಾಕ್ಸಿನ ಮುಚ್ಚಳ ಬಿಚ್ಚಿದಾಗ ಅದರ ಒಳಬದಿಯಲ್ಲಿ ಬಿಸಿಲು ಕಾಣದ ಅಸಲಿ ನೀಲಿ ಸಿಕ್ಕಿತು. ಅದನ್ನು ಕಾಂಪೌಂಡ್ ಹಾಕಿ ತಿಕ್ಕಿ, ಬಣ್ಣ ಬೆರೆಸುವ ಅಂಗಡಿಗೆ ಕಳಿಸಿದರು. ಬಂದ ಮಾದರಿಯನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಮೇಷ್ಟ್ರು ತಲೆಯಾಡಿಸಿದರು. ಪೇಂಟರ್ ಒಪ್ಪಲಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಅಂಗಳಕ್ಕೆ ಒಯ್ದು ಹಿಡಿದಾಗ ಹಸಿರಿನ ಛಾಯೆ ಹೆಚ್ಚಾಗಿರುವುದು ಕಂಡಿತು. ಮಾದರಿ ವಾಪಸ್ ಹೋಯಿತು.

ಕಾಗದಪತ್ರದ ಮಟ್ಟಿಗೆ ಇನ್ನೊಂದು ದಾರಿಯೂ ಇತ್ತು. ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಹಾಗೆ ಮಾಡಿಸಿದರೆ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಭದ್ರಾವತಿಗೆ ಹೋಗಲೇಬೇಕೆನ್ನುವ ಮೇಷ್ಟ್ರಿಗೆ ಅದು ಬೇಡವಾಯಿತು.

ಶೆಡ್ಡಿನ ಮೂಲೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಣ್ಣ ಮೆತ್ತಿ ಗಟ್ಟಿಯಾದ ಕರ್ಚೀಫು. ಇಷ್ಟು ದಿನ ಪಿಯು ಹೊಡೆಯುವಾಗ ಪೇಂಟರ್ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು ಅದನ್ನೇ. ಹಾರ್ಡ್‌ನರಿನ ಮಂಜು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಶ್ವಾಸಕೋಶಕ್ಕೆ ಅದು ಒಗ್ಗದೆ ಹೋದರೆ ಆಮೇಲೆ ತುಸು ಸೋಕಿದರೂ ಉಬ್ಬಸ ಬರುತ್ತದೆ, ಕಸುಬನ್ನೇ ಬಿಡಬೇಕಾಗುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಎಲ್ಲಕ್ಕಿಂತ ಉತ್ತಮ. ಅದು ಸಿಗದಿದ್ದರೆ ರಾಸಾಯನಿಕ ಆವಿಗೆಂದೇ ಮಾಡಿದ ಕಾರ್ಟ್ರಿಜ್ ಮಾಸ್ಕಾದರೂ ಇರಲೇಬೇಕು, ಜೊತೆಗೆ ಕೈಗವಸು ಮತ್ತು ಕನ್ನಡಕ. ಹಳೇ ಕಾರಿಗೆ ಪ್ರೀತಿಯಿಂದ ದುಡ್ಡು ಸುರಿಯುವವರೇ, ಪೇಂಟಿನ ಬಿಲ್ಲಿನಲ್ಲಿ ಈ ಮಾಸ್ಕಿನ ದುಡ್ಡನ್ನೂ ಸೇರಿಸಿ ಕೊಡಿ. ಮಳೆ ನಿಂತು ಬಿಸಿಲು ಬಲಿಯುವವರೆಗೆ ಪೇಂಟರನ್ನು ಅವಸರಪಡಿಸಬೇಡಿ.