ಎಡಿಎಚ್‌ಡಿ ಅಮೆರಿಕದ ಮಕ್ಕಳಿಗೆ ಮಾತ್ರ ಬರುವ ತೊಂದರೆಯೇ?

ಹೇಳಿಕೆ: ಎಡಿಎಚ್‌ಡಿ ಅಮೆರಿಕದವರು ಹುಟ್ಟುಹಾಕಿದ ಕಾಯಿಲೆ, ಬೇರೆಲ್ಲೂ ಇಲ್ಲ.

ನಿಜಾಂಶ: ತಪ್ಪು. ಜಾಗದಿಂದ ಜಾಗಕ್ಕೆ ಬಹಳ ಬದಲಾಗುವುದು ಅದನ್ನು ಪತ್ತೆಹಚ್ಚುವ ರೀತಿ.

ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ದುಡುಕುವುದು ಇದರ ಲಕ್ಷಣಗಳು. 2022ರ ಸಮೀಕ್ಷೆಯಂತೆ ಅಮೆರಿಕದಲ್ಲಿ 3ರಿಂದ 17 ವರ್ಷದೊಳಗಿನ ಶೇ. 11.4ರಷ್ಟು ಮಕ್ಕಳಲ್ಲಿ ಇದು ಪತ್ತೆಯಾಗಿದೆ. ಆದರೆ 2016–19ರ ಅಂಕಿಅಂಶ ನೋಡಿದರೆ, ಅಲ್ಲಿನ ಒಂದು ರಾಜ್ಯದಲ್ಲಿ ಶೇ. 6, ಇನ್ನೊಂದರಲ್ಲಿ ಶೇ. 16!

ರಾಜ್ಯದ ಗಡಿ ದಾಟಿದರೆ ಮಕ್ಕಳ ಮಿದುಳು ಬದಲಾಗುವುದಿಲ್ಲ. ಬದಲಾಗುವುದು ತಜ್ಞ ವೈದ್ಯರ ಲಭ್ಯತೆ, ವಿಮೆ, ಶಾಲೆಯ ನಿಯಮ, ಪೋಷಕರ ಅರಿವು.

ಒಂದು ಉದಾಹರಣೆ ನೋಡೋಣ. ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1ಕ್ಕೆ 5 ವರ್ಷ ತುಂಬಿರಬೇಕು. ಆಗಸ್ಟ್‌ನಲ್ಲಿ ಹುಟ್ಟಿದವರು ತರಗತಿಯಲ್ಲೇ ಚಿಕ್ಕವರು. ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಇವರಲ್ಲಿ ಎಡಿಎಚ್‌ಡಿ ಪತ್ತೆ ಶೇ. 34ರಷ್ಟು ಹೆಚ್ಚು ಎಂದು 2018ರ ಅಧ್ಯಯನ ತೋರಿಸಿತು. ಅಂದರೆ ಎಳೆತನವನ್ನೇ ಕೆಲವೊಮ್ಮೆ ತೊಂದರೆ ಎಂದು ಭಾವಿಸಲಾಗುತ್ತದೆ.

ಹಾಗಂತ ಎಡಿಎಚ್‌ಡಿ ಸುಳ್ಳಲ್ಲ. ಜಗತ್ತಿನ ಹಲವೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯಲ್ಲಿ ಸಿಕ್ಕ ಪ್ರಮಾಣ ಸುಮಾರು ಶೇ. 5. ದೇಶಗಳ ನಡುವಿನ ವ್ಯತ್ಯಾಸಕ್ಕೆ ಎಣಿಸುವ ವಿಧಾನವೇ ಮುಖ್ಯ ಕಾರಣವಾಗಿತ್ತು. ಕಡಿಮೆ ಪತ್ತೆಯಾಗುವ ಕಡೆ ಎಷ್ಟೋ ಮಕ್ಕಳು, ಅದರಲ್ಲೂ ಗಲಾಟೆ ಮಾಡದ ಹೆಣ್ಣುಮಕ್ಕಳು, 'ಸೋಮಾರಿ' ಎನಿಸಿಕೊಂಡೇ ಉಳಿಯುತ್ತಾರೆ.

ನಾವು ಹೇಳುವುದಿಷ್ಟೇ: ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗೂ ಹೆಚ್ಚು ಕಾಲ ಲಕ್ಷಣಗಳು ಕಂಡರೆ ಮಕ್ಕಳ ತಜ್ಞರನ್ನೋ ಮನೋವೈದ್ಯರನ್ನೋ ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಫಾರ್ವರ್ಡ್ ನೋಡಿ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ, ಚಿಕಿತ್ಸೆಯನ್ನೂ ನಿಲ್ಲಿಸಬೇಡಿ.